ಬಾಕಿ ಸಂಬಳಕ್ಕೆ ದಾರಿ ತೋರಿದ ಉಚಿತ ಕಾನೂನು ನೆರವು ಸೇವೆ

ಮಡಿಕೇರಿ ಬಳಿಯ ರೆಸಾರ್ಟ್ ಒಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ನನ್ನ ನಾದಿನಿಗೆ ಹೆಚ್ಚುವರಿ ಕೆಲಸದ ಹಣವನ್ನು ಕೊಡದೆ, ರಾಜೀನಾಮೆಯ ನಂತರ ಕೊನೆಯ ತಿಂಗಳ ಸಂಬಳವನ್ನೂ ತಡೆಹಿಡಿದಿದ್ದರಿಂದ ನಾವು ಕಾನೂನು ನೆರವು ಕೇಂದ್ರವೊಂದರ ಮೊರೆ ಹೋದೆವು. ಅಲ್ಲಿನ ಸೇವೆಯನ್ನು ಮನಃಪೂರ್ವಕವಾಗಿ ಮೆಚ್ಚುತ್ತೇನೆ.

ನೇಮಕಾತಿ ಪತ್ರ ಇರಲಿಲ್ಲ. ಆದರೂ ವಕೀಲರು, "ರಾತ್ರಿ ಇನ್ನೊಂದು ಗುಂಪು ಬರುತ್ತದೆ, ಹೋಗಬೇಡಿ" ಎಂಬಂತಹ ಮ್ಯಾನೇಜರ್‌ನ ವಾಟ್ಸಾಪ್ ಸಂದೇಶಗಳನ್ನೂ ಪಾಸ್‌ಬುಕ್ಕಿನ ಸಂಬಳದ ನಮೂದುಗಳನ್ನೂ ದಿನಾಂಕವಾರು ಜೋಡಿಸಿ, ಇವೂ ಸಾಕ್ಷ್ಯವೇ ಎಂದು ಧೈರ್ಯ ತುಂಬಿದರು. ಹೋಟೆಲುಗಳಿಗೂ ಅನ್ವಯಿಸುವ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ದರ ಸಲ್ಲಬೇಕೆಂದೂ, 2019ರ ವೇತನ ಸಂಹಿತೆಯಂತೆ ರಾಜೀನಾಮೆ ಕೊಟ್ಟವರಿಗೆ 2 ಕೆಲಸದ ದಿನಗಳೊಳಗೆ ಸಂಬಳ ಚುಕ್ತಾ ಆಗಬೇಕೆಂದೂ, ಬಾಕಿಗೆ ಅರ್ಜಿ ಹಾಕಲು 3 ವರ್ಷಗಳ ಕಾಲಾವಕಾಶವಿದೆಯೆಂದೂ ಸಾವಧಾನವಾಗಿ ವಿವರಿಸಿದರು.

ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ. ಕಾಯುವಿಕೆ ಮಾತ್ರ ದೀರ್ಘವಾಗಿತ್ತು. ದಿನಗೂಲಿ ಬಿಟ್ಟು ದೂರದ ತೋಟಗಳಿಂದ ಬರುವವರಿಗೆ ಅದು ನಿಜಕ್ಕೂ ನಷ್ಟ. ಅಂಥವರು ಹೊರಡುವ ಮೊದಲು 15100 ಸಹಾಯವಾಣಿಗೆ ಕರೆಮಾಡಿ ವಿಚಾರಿಸುವುದು ಒಳ್ಳೆಯದು.

ನೋಟಿಸ್ ತಲುಪಿದ ಮೇಲೆ ತಡೆಹಿಡಿದಿದ್ದ ಸಂಬಳ ಖಾತೆಗೆ ಜಮೆಯಾಗಿದೆ. ಹೆಚ್ಚುವರಿ ಗಂಟೆಗಳ ಹಣಕ್ಕಾಗಿ ಸಲ್ಲಿಸಿದ ಅರ್ಜಿಯ ವಿಚಾರಣೆ ಇನ್ನೂ ನಡೆಯುತ್ತಿದ್ದು, ಅದನ್ನೂ ಅದೇ ವಕೀಲರು ನಡೆಸುತ್ತಿದ್ದಾರೆ.