ಪಾಜೆ, ಝಾಂಜಿಬಾರ್: ಗಾಳಿಗಿಂತ ಮೊದಲು ಉಬ್ಬರವಿಳಿತ ನೋಡಿ

ಝಾಂಜಿಬಾರ್ ದ್ವೀಪದ ಪಾಜೆ ಕಡಲತೀರದಲ್ಲಿ ಕೈಟ್‌ಸರ್ಫಿಂಗ್ ಮಾಡುವವರಿಗೆ, ಅಂದರೆ ದೊಡ್ಡ ಗಾಳಿಪಟದ (ಕೈಟ್) ಎಳೆತದಲ್ಲಿ ಬೋರ್ಡಿನ ಮೇಲೆ ನೀರಲ್ಲಿ ಜಾರುವವರಿಗೆ, ಎರಡು ಗಾಳಿ: ಜೂನ್‌ನಿಂದ ಸೆಪ್ಟೆಂಬರ್ ತನಕ ಆಗ್ನೇಯದ ‘ಕುಸಿ’, ಡಿಸೆಂಬರ್‌ನಿಂದ ಫೆಬ್ರವರಿ ತನಕ ಈಶಾನ್ಯದ ‘ಕಸ್ಕಾಜಿ’. ಎರಡೂ ಓರೆಯಾಗಿ ದಡದತ್ತಲೇ ಬೀಸುತ್ತವೆ. ಕೈಟ್ ನೀರಿಗೆ ಬಿದ್ದರೂ ತೀರದ ಕಡೆಗೇ ತೇಲುತ್ತೀರಿ. 15ರಿಂದ 20 ನಾಟ್ (ಗಂಟೆಗೆ ಸುಮಾರು 28ರಿಂದ 37 ಕಿ.ಮೀ.) ಗಾಳಿಗೆ, 75 ಕಿಲೋ ತೂಕದವರಿಗೆ 9 ಮತ್ತು 12 ಚದರ ಮೀಟರ್ ಕೈಟ್ ಸಾಕು. ಹೊರಗಿನ ಹವಳದಿಬ್ಬ ಅಲೆಗಳನ್ನು ತಡೆಯುವುದರಿಂದ ಒಳಗಿನ ನೀರು ಸಪಾಟು.

ತೊಂದರೆಯೆಲ್ಲ ಆಳದ್ದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ಜೋರು: ನೀರು ಬಹುದೂರ ಸರಿದು ಬೋರ್ಡಿನ ಅಡಿಯ ಫಿನ್ (ಪುಟ್ಟ ರೆಕ್ಕೆ) ನೆಲಕ್ಕೆ ತಾಗುತ್ತದೆ, ಕಡಲಪಾಚಿ ಬೆಳೆಯ ಗೂಟ-ಹಗ್ಗಗಳು ಅಡ್ಡ ಬರುತ್ತವೆ. ಸೀ ಅರ್ಚಿನ್ ಎಂಬ ಮುಳ್ಳುಮುಳ್ಳಾದ ಕಡಲಜೀವಿಯ ಮುಳ್ಳು ಚುಚ್ಚಿದರೆ ಒಳಗೇ ಮುರಿಯುತ್ತದೆ. ರಬ್ಬರ್ ಬೂಟಿಲ್ಲದೆ ಇಳಿಯಲೇಬೇಡಿ. ತುಂಬು ಉಬ್ಬರದಲ್ಲಿ ಮರಳು ಕಿರಿದಾಗಿ ಕೈಟ್ ಎಬ್ಬಿಸುವುದೇ ಕಷ್ಟ, ಹಿಂದೆಯೇ ತೆಂಗಿನಮರ. ಕಲಿಯುವವರಿಗೆ ನಡು ಉಬ್ಬರದ ಸೊಂಟದಾಳದ ನೀರೇ ಸರಿ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ತರಗತಿಯನ್ನೂ ಹಾಗೇ ಹಿಡಿಯಿರಿ.