ಬಂಡೆ ಮೇಲಿನ ಅಲೆಗೆ ಯಾರ ಮಾತು ಕೇಳಬೇಕು? ವಿಂಡಿ, ವಿಂಡ್‌ಗುರು, ಇನ್‌ಕಾಯ್ಸ್ ಮತ್ತು ಅಂಕೋಲೆಯ ಅಜ್ಜ

ಶುಕ್ರವಾರ ರಾತ್ರಿ ಊಟ ಆದಮೇಲೆ ನನ್ನ ತಲೆಯಲ್ಲಿ ಒಂದೇ ಲೆಕ್ಕ. ನಾಳೆ ನಾಲ್ಕೂವರೆಗೆ ಎದ್ದು, ಕಾರಿನ ಮೇಲೆ ಸರ್ಫಿಂಗ್ ಬೋರ್ಡ್ ಕಟ್ಟಿ, ಗೋವಾದ ವಾಸ್ಕೋದಿಂದ ಕಾಣಕೋಣದ ಕಡೆ ಒಂದೂವರೆ ತಾಸು ಓಡಿಸಬೇಕಾ? ಇಲ್ಲ, ಸುಮ್ನೆ ಹೊದ್ದುಕೊಂಡು ಮಲಗಬೇಕಾ?

ಮರಳಿನ ಬೀಚ್ ಆಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಲ್ಲಿ ಏನೋ ಒಂದು ಅಲೆ ಸಿಕ್ಕೇ ಸಿಗುತ್ತದೆ, ಬಿದ್ದರೆ ಬಾಯಲ್ಲಿ ಮರಳು, ಅಷ್ಟೇ. ನಾನು ಹೋಗುವುದು ಬಂಡೆಗೆ. ದಡದಿಂದ ನೂರೈವತ್ತು ಮೀಟರ್ ಆಚೆ ನೀರಡಿಯಲ್ಲಿ ಮಲಗಿರುವ ಬಂಡೆ, ಮೈತುಂಬಾ ಸಿಂಪಿ ಚಿಪ್ಪು. ಎಲ್ಲ ಕೂಡಿ ಬಂದ ದಿನ ಅದರ ಮೇಲೆ ಎದ್ದೇಳುವ ಅಲೆಯ ಸೊಗಸೇ ಬೇರೆ. ಒಂದು ತಪ್ಪಿದರೆ ಒಂದೋ ನೀರು ಸತ್ತಂತೆ ಬಿದ್ದಿರುತ್ತದೆ, ಇಲ್ಲಾ ಚಿಪ್ಪು ಕಾಲನ್ನು ಕೊಯ್ದು ಕಳಿಸುತ್ತದೆ. ಜಾಗದ ಹೆಸರು ಕೇಳಬೇಡಿ. ಹೇಳಿದರೆ ಅಲ್ಲಿನ ಹುಡುಗರು ನನ್ನನ್ನು ನೀರಿಗೆ ಇಳಿಯಲು ಬಿಡಲ್ಲ.

ನಾನು ಹುಬ್ಬಳ್ಳಿಯವನು. ಸಣ್ಣವನಿದ್ದಾಗ ಕಾರವಾರಕ್ಕೆ ಹೋಗಿ ಪ್ಯಾಂಟು ಮಡಚಿ ಕಾಲು ನೆನೆಸಿಕೊಂಡು ಬಂದದ್ದಷ್ಟೇ ನನ್ನ ಸಮುದ್ರ. ವೆರ್ಣಾದಲ್ಲಿ ಕೆಲಸ ಸಿಕ್ಕಿ ಗೋವಾಕ್ಕೆ ಬಂದಮೇಲೆ, ಮೂವತ್ನಾಲ್ಕನೇ ವಯಸ್ಸಿಗೆ ಈ ಹುಚ್ಚು ಹಿಡಿಯಿತು. ಹುಟ್ಟಿನಿಂದ ಬಂದ ಸಮುದ್ರಜ್ಞಾನ ಸೊನ್ನೆ. ಅದಕ್ಕೇ ಅಲೆ, ಗಾಳಿ ಮೊದಲೇ ಹೇಳುವ ಫೋನಿನ ಆ್ಯಪ್‌ಗಳನ್ನು ನಂಬಿದೆ. ಯಾವುದನ್ನು ಎಷ್ಟು ನಂಬಬೇಕು ಅಂತ ತಿಳಿಯಲು ಅಕ್ಟೋಬರ್‌ನಿಂದ ಮೇ ಕೊನೆವರೆಗೆ ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ಅವರು ಹೇಳಿದ್ದು, ಬಲಗಡೆ ನಾನು ಕಂಡದ್ದು. ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಗೋವಾದ ದಡದಲ್ಲಿ ಕೆಂಪು ಬಾವುಟ, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ಯಾಂತ್ರಿಕ ದೋಣಿಗಳಿಗೇ ನಿಷೇಧ. ನನ್ನ ಬೋರ್ಡಿಗೆ ಅಲ್ಲೇನು ಕೆಲಸ?

ಮೊದಲು ನಂಬಿದ್ದು ನಕ್ಷತ್ರ ಕೊಡುವ ಒಂದು ಆ್ಯಪ್ ಅನ್ನು. ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ಬೀಚಿನ ಹೆಸರು ಒತ್ತಿದರೆ ಐದರಲ್ಲಿ ಇಷ್ಟು ನಕ್ಷತ್ರ ಅನ್ನುತ್ತದೆ, ಹೋಟೆಲ್ ರೇಟಿಂಗ್ ಥರ. ಡಿಸೆಂಬರ್‌ನ ಒಂದು ಶನಿವಾರ ನಾಲ್ಕು ನಕ್ಷತ್ರ ತೋರಿಸಿತು. ಅಲೆ 1.2 ಮೀಟರ್. ಕುಣಿದುಕೊಂಡು ಹೋದೆ. ಹೋಗಿ ನೋಡಿದರೆ ನೀರು ಉಣಕಲ್ ಕೆರೆಯ ಹಾಗೆ ಮಲಗಿತ್ತು.

ಯಾಕೆ ಹಾಗಾಯಿತು ಅಂತ ಆಮೇಲೆ ಗೊತ್ತಾಯಿತು. ಚಳಿಗಾಲದಲ್ಲಿ ಪರ್ಷಿಯನ್ ಕೊಲ್ಲಿಯ ಕಡೆ ಶಮಾಲ್ ಅನ್ನೋ ವಾಯವ್ಯ ಗಾಳಿ ಬೀಸುತ್ತದೆ. ಅದು ಎಬ್ಬಿಸಿದ ಅಲೆಗಳು ಅರಬ್ಬೀ ಸಮುದ್ರ ದಾಟಿ ನಮ್ಮ ದಡಕ್ಕೂ ಬರುತ್ತವೆ. ಅವತ್ತಿನ 1.2 ಮೀಟರ್ ಅದೇ. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಏಳು ಸೆಕೆಂಡ್. ನನ್ನ ಬಂಡೆ ಮುಖ ಮಾಡಿರುವುದು ನೈಋತ್ಯಕ್ಕೆ, ಉತ್ತರದಲ್ಲಿ ಗುಡ್ಡವೊಂದು ಸಮುದ್ರದೊಳಗೆ ಮೂಗು ಚಾಚಿದೆ. ಬಂದ ಅಲೆಯನ್ನೆಲ್ಲ ಆ ಗುಡ್ಡವೇ ತಡೆಯಿತು. ಗುಡ್ಡದ ವಿಷಯ ನಕ್ಷತ್ರಕ್ಕೆ ಹೇಗೆ ಗೊತ್ತಿರಬೇಕು?

ಅಲ್ಲಿಂದ ವಿಂಡಿ ಅನ್ನೋ ಹವಾಮಾನದ ಆ್ಯಪ್‌ಗೆ ಬಂದೆ. ಇದರಲ್ಲಿ ಒಟ್ಟು ಅಲೆಯನ್ನು ಬಿಡಿಸಿ ನೋಡಬಹುದು. ಗಾಳಿಯ ಅಲೆ ಬೇರೆ, ಸ್ವೆಲ್ ಬೇರೆ, ಎರಡನೇ ಸ್ವೆಲ್, ಮೂರನೇ ಸ್ವೆಲ್ ಬೇರೆ. ಪ್ರತಿಯೊಂದರ ಎತ್ತರ, ದಿಕ್ಕು, ಸೆಕೆಂಡ್ ಸಿಗುತ್ತದೆ. ಸ್ವೆಲ್ ಅಂದರೆ ದೂರದ ಬಿರುಗಾಳಿಯಲ್ಲಿ ಹುಟ್ಟಿ, ಆ ಗಾಳಿ ನಿಂತಮೇಲೂ ನಡೆದು ಬರುವ ಅಲೆ.

ಈ ಸೆಕೆಂಡಿನ ಅಂಕಿಯನ್ನೇ ನಾನು ಇಷ್ಟು ದಿನ ನೋಡಿರಲಿಲ್ಲ. ಏಳು ಸೆಕೆಂಡಿನ ಅಲೆಯ ಉದ್ದ ಆಳದ ನೀರಿನಲ್ಲಿ ಸುಮಾರು 76 ಮೀಟರ್. ಹದಿನೈದು ಸೆಕೆಂಡಿನದು ಸುಮಾರು 350 ಮೀಟರ್. ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ತಳ ತಾಗಲು ಶುರುವಾಗುತ್ತದೆ. ಅಂದರೆ ಮೊದಲನೆಯದು 38 ಮೀಟರ್ ಆಳಕ್ಕೆ ಬರುವವರೆಗೂ ತಳದ ಗೊಡವೆ ಇಲ್ಲದೆ ಬರುತ್ತದೆ. ಎರಡನೆಯದು 175 ಮೀಟರ್ ಆಳದಿಂದಲೇ ತಳ ತಡವಿಕೊಂಡು, ತಿರುಗಿ, ಬಗ್ಗಿ ಬರುತ್ತದೆ. ಹಾಗೆ ಬಗ್ಗಿ ಬಂದದ್ದು ನೀರಡಿಯ ದಿಬ್ಬದಂಥ ನನ್ನ ಬಂಡೆಯ ಮೇಲೆ ಒಟ್ಟುಗೂಡಿ, ನಿಂತಲ್ಲೇ ಎದ್ದುಬಿಡುತ್ತದೆ.

ಏಪ್ರಿಲ್‌ನ ಒಂದು ಭಾನುವಾರ ಇದಕ್ಕೆ ಸಾಕ್ಷಿ ಸಿಕ್ಕಿತು. ವಿಂಡಿಯ ಎರಡನೇ ಸ್ವೆಲ್‌ನಲ್ಲಿ 0.7 ಮೀಟರ್, 15 ಸೆಕೆಂಡ್, ನೈಋತ್ಯ. ಸೊಂಟಕ್ಕೂ ಬಾರದ ಅಂಕಿ, ಅಲ್ವಾ? ಬಂಡೆಯ ಮೇಲೆ ಎದೆಮಟ್ಟ ಎದ್ದಿತು. ಹತ್ತು ನಿಮಿಷ ಏನೂ ಇಲ್ಲ, ಬೋರ್ಡ್ ಮೇಲೆ ಕೂತು ಆಕಳಿಸುವುದು. ಆಮೇಲೆ ದೂರದಲ್ಲಿ ಕಪ್ಪು ಗೆರೆ, ಅದರ ಹಿಂದೆ ಇನ್ನೊಂದು, ಇನ್ನೊಂದು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿದೆ. ಎದ್ದು ನಿಂತಾಗ ಕೆಳಗೆ ಬಂಡೆಯ ಕಂದುಬಣ್ಣ ಕಾಣುತ್ತಿತ್ತು, ನೀರು ಅಷ್ಟು ತಿಳಿ. ಭಯದಲ್ಲಿ ಮಂಡಿ ಜಾಸ್ತಿ ಬಗ್ಗಿಸಿಬಿಟ್ಟೆ. ಆದರೂ ಬೀಳಲಿಲ್ಲ.

ಇಂಥ ಅಲೆ ಹುಟ್ಟುವುದು ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, ಆರು ಸಾವಿರ ಕಿಲೋಮೀಟರ್ ಆಚೆ. ಹದಿನಾರು ಸೆಕೆಂಡಿನ ಸ್ವೆಲ್ ಗಂಟೆಗೆ ಸುಮಾರು 45 ಕಿ.ಮೀ. ಹೋಗುತ್ತದೆ, ನಮ್ಮ ಗೋವಾ ಸರ್ಕಾರದ ಕದಂಬ ಬಸ್ಸಿನ ವೇಗ ಅನ್ನಿ. ಲೆಕ್ಕ ಹಾಕಿದರೆ ಐದೂವರೆ ದಿನ. ಅದಕ್ಕೇ ಸೋಮವಾರ ವಿಂಡಿಯ ಭೂಪಟದಲ್ಲಿ ದಕ್ಷಿಣಕ್ಕೆ ಹೋಗಿ ಅಲ್ಲಿ ಬಿರುಗಾಳಿ ಕಂಡರೆ ಶನಿವಾರದ ಆಸೆ ಇಟ್ಟುಕೊಳ್ಳಬಹುದು. ವಿಂಡಿ ನನಗೆ ಇಷ್ಟವಾದದ್ದು ಈ ಕಾರಣಕ್ಕೆ. ಅದು ತೀರ್ಪು ಕೊಡಲ್ಲ, ಸಾಮಾನು ಕೊಡುತ್ತದೆ, ಅಡುಗೆ ನಮ್ಮದು.

ವಿಂಡ್‌ಗುರು ಅನ್ನೋ ಇನ್ನೊಂದು ಆ್ಯಪ್ ಇದಕ್ಕೆ ಪೂರ್ತಿ ಉಲ್ಟಾ. ಬಣ್ಣದ ಭೂಪಟ, ಹರಿದಾಡುವ ಗೆರೆ ಮುಖ್ಯವಲ್ಲ, ಬರೀ ಕೋಷ್ಟಕ. ನಾನು ಅಕೌಂಟ್ಸ್ ಮನುಷ್ಯ, ಎಕ್ಸೆಲ್ ನೋಡಿದಷ್ಟು ನೆಮ್ಮದಿ ಆಯಿತು. ಒಂದು ವಾರದ ಗಾಳಿ, ಅಲೆ, ಸೆಕೆಂಡ್ ಒಂದೇ ನೋಟಕ್ಕೆ. ಆಫೀಸಿನಲ್ಲಿ ಮೀಟಿಂಗ್ ನಡುವೆ ನೋಡಲು ಇದೇ ಸರಿ. ಆದರೆ ನಾನು ಮೊದಮೊದಲು ನೋಡುತ್ತಿದ್ದ ಕಾಲಂ ಒಟ್ಟು ಅಲೆಯದು. ತಪ್ಪು ನನ್ನದೇ. ಅಲೆಗಳ ಎತ್ತರ ಸಾದಾ ಕೂಡಿಸುವ ಲೆಕ್ಕವಲ್ಲ. 1 ಮೀಟರಿನ ಗಾಳಿ ಅಲೆಗೆ 0.7 ಮೀಟರಿನ ಸ್ವೆಲ್ ಸೇರಿದರೆ 1.7 ಆಗಲ್ಲ, ಸುಮಾರು 1.2 ಆಗುತ್ತದೆ. ನನಗೆ ಬೇಕಾದ ಆ 0.7 ಅದರೊಳಗೆ ಮುಳುಗಿ ಹೋಗಿರುತ್ತದೆ.

ಒಂದು ತಮಾಷೆ ನೋಡಿ. ವಿಂಡಿಯೂ ವಿಂಡ್‌ಗುರುವೂ ಎರಡೂ ಚೆಕ್ ದೇಶದವು. ಆ ದೇಶಕ್ಕೆ ಸಮುದ್ರವೇ ಇಲ್ಲ! ಹುಬ್ಬಳ್ಳಿಯವನಾದ ನನಗೆ ಇದರಿಂದ ಎಷ್ಟು ಧೈರ್ಯ ಬಂತು ಅಂತ ಹೇಳತೀರದು.

ಗಾಳಿಯಲ್ಲಿ ಮಾತ್ರ ಇಬ್ಬರೂ ಒಂದೇ ಕಡೆ ಎಡವಿದರು. ರಾತ್ರಿ ಸಹ್ಯಾದ್ರಿ ಕಡೆಯಿಂದ ಸಮುದ್ರಕ್ಕೆ ತಂಪು ಗಾಳಿ ಇಳಿಯುತ್ತದೆ. ಅದು ಅಲೆಯ ಮುಖವನ್ನು ಇಸ್ತ್ರಿ ಹಾಕಿದಂತೆ ನುಣ್ಣಗೆ ಮಾಡುತ್ತದೆ. ಬಿಸಿಲೇರಿದಮೇಲೆ ಸಮುದ್ರದ ಗಾಳಿ ಶುರು, ಎಲ್ಲ ಕಲಸುಮೇಲೋಗರ. ಆ್ಯಪ್‌ಗಳ ಹಿಂದಿರುವ ಕಂಪ್ಯೂಟರ್ ಹವಾಮಾನ ಮಾದರಿಗಳು ಭೂಮಿಯನ್ನು ಚೌಕಚೌಕ ಮಾಡಿ ಲೆಕ್ಕ ಹಾಕುತ್ತವೆ. ಯುರೋಪಿನದು ಸುಮಾರು 9 ಕಿ.ಮೀ., ಅಮೆರಿಕದ್ದು ಸುಮಾರು 13 ಕಿ.ಮೀ. ಒಂದು ಚೌಕದೊಳಗೆ ನಮ್ಮ ಗುಡ್ಡ, ಕಣಿವೆ, ತೆಂಗಿನ ತೋಟ ಎಲ್ಲ ಹಿಟ್ಟು ಕಲಸಿದಂತೆ ಒಂದಾಗಿಬಿಡುತ್ತವೆ. ಸಮುದ್ರಗಾಳಿ ಹನ್ನೊಂದಕ್ಕೆ ಅಂತ ಅವು ಹೇಳಿದ ದಿನ ನನ್ನ ಬಂಡೆಯ ಹತ್ತಿರ ಸಾಮಾನ್ಯವಾಗಿ ಹತ್ತಕ್ಕೇ ಬಂದಿರುತ್ತಿತ್ತು. ಈಗ ಅವು ಹೇಳಿದ ಸಮಯದಿಂದ ಕಣ್ಣು ಮುಚ್ಚಿ ಒಂದು ಗಂಟೆ ಕಳೆದುಬಿಡುತ್ತೇನೆ.

ಇನ್ನು ಇನ್‌ಕಾಯ್ಸ್. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಮುದ್ರ ಮಾಹಿತಿ ಸಂಸ್ಥೆ. ಇದು ಸರ್ಫಿಂಗ್ ಮಾಡುವವರಿಗಲ್ಲ, ಮೀನುಗಾರರಿಗೆ. ಇಡೀ ಕರಾವಳಿಯ ಪಟ್ಟಿಗೆ ಸೇರಿಸಿ ಒಂದು ಎತ್ತರ ಹೇಳುತ್ತದೆ, ನನ್ನ ಬಂಡೆಗೆ ಅದರಿಂದ ಉಪಯೋಗ ಕಡಿಮೆ. ಸಮಯ ಸಂಜೆ 5:30ರಿಂದ ರಾತ್ರಿ 11:30 ಅಂತ ಬಂದಾಗ ಯಾಕೀ ಅರ್ಧ ಅಂತ ತಲೆ ಕೆರೆದುಕೊಂಡಿದ್ದೆ. ಗ್ರೀನ್‌ವಿಚ್‌ನ ಹನ್ನೆರಡು ಗಂಟೆಗೆ ನಮ್ಮ ಐದೂವರೆ ಅಷ್ಟೇ. ಆದರೆ ಇವರು ಎತ್ತರದ ಅಲೆಯ ಎಚ್ಚರಿಕೆ ಕೊಟ್ಟ ದಿನ ನಾನು ಹೋಗುವುದಿಲ್ಲ, ಚರ್ಚೆಯೇ ಇಲ್ಲ. ಅವರು ಹೇಳುವ ಎತ್ತರ, ಬೇರೆ ಆ್ಯಪ್‌ಗಳು ಹೇಳುವ ಎತ್ತರವೂ ಅಷ್ಟೇ, ಎಲ್ಲ ಅಲೆಗಳಲ್ಲಿ ಅತಿ ದೊಡ್ಡದಾದ ಮೂರನೇ ಒಂದು ಪಾಲಿನ ಸರಾಸರಿ. ಎರಡು ಮೀಟರ್ ಅಂದರೆ ಮಧ್ಯೆ ಒಂದೊಂದು ನಾಲ್ಕರ ಹತ್ತಿರವೂ ಬರಬಹುದು. ಕೇರಳದವರು ಕಳ್ಳಕ್ಕಡಲ್ ಅನ್ನುತ್ತಾರಲ್ಲ, ಗಾಳಿಮಳೆ ಏನೂ ಇಲ್ಲದೆ ಕಳ್ಳನ ಹಾಗೆ ಬಂದು ದಡ ನುಗ್ಗುವ ನೀರು, ಅದನ್ನೂ ಇವರು ಮೊದಲೇ ಹೇಳುತ್ತಾರೆ. ಹೋಗಬೇಡ ಅನ್ನಲು ಇನ್‌ಕಾಯ್ಸ್, ಹೋಗು ಅನ್ನಲು ವಿಂಡಿ. ನನ್ನ ಹಂಚಿಕೆ ಹೀಗೆ.

ನನ್ನ ಕಾಲು ಕೊಯ್ದದ್ದು ಮಾತ್ರ ಅಲೆಯ ಅಂಕಿ ತಪ್ಪಿ ಅಲ್ಲ, ಉಬ್ಬರದ ಅಂಕಿ ತಪ್ಪಿ. ಒಂದು ಆ್ಯಪ್‌ನಲ್ಲಿ ಉಬ್ಬರ 0.2 ಇದ್ದಾಗ ಬಂಡೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೆ. ಒಂದು ದಿನ ಅದರ ಬದಲು ಮುರ್ಮುಗೋವಾ ಬಂದರಿನ ಉಬ್ಬರದ ಪಟ್ಟಿ ನೋಡಿದೆ. ಆರೂ ಇಪ್ಪತ್ತಕ್ಕೆ 0.3. ಆಹಾ ಅಂತ ಹೋಗಿ ಹಾರಿದೆ. ಬಂಡೆಯ ಮೇಲೆ ಮೊಣಕಾಲುದ್ದ ನೀರು! ಕೆಲವು ಆ್ಯಪ್‌ಗಳು ಸರಾಸರಿ ಸಮುದ್ರಮಟ್ಟವನ್ನು ಸೊನ್ನೆ ಅನ್ನುತ್ತವೆ, ಅದಕ್ಕೇ ಅವುಗಳಲ್ಲಿ ಮೈನಸ್ ಅಂಕಿ ಬರುತ್ತದೆ. ಬಂದರಿನ ಪಟ್ಟಿಗೆ ಸೊನ್ನೆ ಅಂದರೆ ಅತಿ ಕಡಿಮೆ ಇಳಿತದ ಮಟ್ಟ. ಎರಡರ ನಡುವೆ ಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಎದೆಮಟ್ಟದ ಅಲೆ ಮುರಿಯಲು ಅದರ ಎತ್ತರದ ಸುಮಾರು 1.3 ಪಟ್ಟು ಆಳ ಇರಬೇಕು. ಅಷ್ಟು ನೀರಿನ ಲೆಕ್ಕದಲ್ಲಿ ಒಂದು ಮೀಟರ್ ತಪ್ಪಿದರೆ ಉಳಿಯುವುದು ಚಿಪ್ಪು ಮಾತ್ರ. ಪಾದಕ್ಕೆ ಐದು ಹೊಲಿಗೆ ಬಿತ್ತು. ಲೆಕ್ಕ ಬರೆಯುವುದೇ ಕಸುಬಾದವನು ಸೊನ್ನೆ ಎಲ್ಲಿಂದ ಅಂತ ನೋಡದೆ ಹೋದ ಅಂತ ಮನೆಯಲ್ಲಿ ಈಗಲೂ ನಗುತ್ತಾರೆ.

ಅವತ್ತು ನನ್ನನ್ನು ದಡಕ್ಕೆ ಎಳೆದುಕೊಂಡವರು ಅಜ್ಜ. ಅಂಕೋಲೆ ಕಡೆಯವರು, ಈ ದಡದಲ್ಲಿ ಬಲೆ ಬೀಸುತ್ತಾ ಮುದುಕರಾದವರು. ಕಾಲಿಗೆ ಲುಂಗಿಯ ತುಂಡು ಕಟ್ಟುತ್ತಾ, "ಅಮಾಸಿ ಮರುದಿನ ಬೆಳಗಾಮುಂಚೆ ಯಾರಾದ್ರೂ ಕಲ್ಲಿನ ಮೇಲೆ ಹೋಗ್ತಾರೇನೋ ತಮಾ?" ಅಂದರು.

ಅವರ ಬಳಿ ಇರುವುದು ಗೋಡೆಯ ಕ್ಯಾಲೆಂಡರ್. ಅಮಾವಾಸ್ಯೆ, ಹುಣ್ಣಿಮೆಗೆ ದೊಡ್ಡ ಭರತಿ (ಉಬ್ಬರ), ನಡುಹಗಲ ಆಸುಪಾಸು. ಅಂದರೆ ಬೆಳಗಿನ ಜಾವ ದೊಡ್ಡ ಇಳಿತ, ಬಂಡೆ ಬೋಳು. ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಹಿಂದಕ್ಕೆ ಎಣಿಸಿ ನೋಡಿ. ಏಕಾದಶಿಯಿಂದ ತ್ರಯೋದಶಿವರೆಗೆ ಬೆಳಿಗ್ಗೆ ಆರರಿಂದ ಎಂಟರ ಹೊತ್ತಿಗೆ ನೀರು ಏರುತ್ತಿರುತ್ತದೆ, ತೀರಾ ಕಡಿಮೆಯೂ ಅಲ್ಲ, ಜಾಸ್ತಿಯೂ ಅಲ್ಲ. ಬಂದರಿನ ಪಟ್ಟಿ ಜೊತೆ ಇಟ್ಟು ನೋಡಿದೆ, ಹೊಂದುತ್ತದೆ. ನಿಮಿಷದ ಲೆಕ್ಕಕ್ಕೆ ಪಟ್ಟಿಯೇ ಬೇಕು, ಯಾವ ವಾರ ರಜೆ ಹಾಕಬೇಕು ಅನ್ನಲು ಕ್ಯಾಲೆಂಡರ್ ಸಾಕು. ಹುಬ್ಬಳ್ಳಿಯಲ್ಲಿ ಅವ್ವ ಏಕಾದಶಿ ಉಪವಾಸ ಇದ್ದಾಗ ಮಗ ಗೋವಾದಲ್ಲಿ ಬೋರ್ಡಿಗೆ ಮೇಣ ಉಜ್ಜುತ್ತಿರುತ್ತಾನೆ.

ಸ್ವೆಲ್ ವಿಷಯದಲ್ಲೂ ಅಜ್ಜನಿಗೆ ಅವರದೇ ದಾರಿ. ರಾತ್ರಿ ಮಲಗಿದಾಗ ಸಮುದ್ರ ಬಿಡದೆ ಸರಸರ ಅಂದರೆ ಸಣ್ಣ ತೆರೆ. ಸುಮ್ಮನಿದ್ದು ಸುಮ್ಮನಿದ್ದು ಒಮ್ಮೆಲೇ ಧಡ್ ಅಂದರೆ ದೂರದ್ದು. ಹದಿನೈದು ಸೆಕೆಂಡ್ ಅಂತ ವಿಂಡಿ ಹೇಳಿದ್ದನ್ನೇ ಅವರು ಕಿವಿಯಲ್ಲಿ ಅಳೆಯುತ್ತಾರೆ. ಆದರೆ ನಾಲ್ಕು ದಿನ ಮೊದಲು ಅವರ ಕಿವಿಗೂ ಕೇಳಲ್ಲ, ಅಲ್ಲಿ ಭೂಪಟವೇ ಗೆಲ್ಲುತ್ತದೆ.

ಈಗ ಅವರ ನಂಬರ್ ನನ್ನ ಬಳಿ ಇದೆ. ಮೇ ತಿಂಗಳ ಒಂದು ಶನಿವಾರ ಎಲ್ಲ ಕೂಡಿ ಬಂದಿತ್ತು. ದ್ವಾದಶಿ. ವಿಂಡಿಯಲ್ಲಿ 0.9 ಮೀಟರ್, 15 ಸೆಕೆಂಡ್, ನೈಋತ್ಯ. ಇನ್‌ಕಾಯ್ಸ್‌ನಲ್ಲಿ ಎಚ್ಚರಿಕೆ ಇಲ್ಲ. ಗಾಳಿ ಸಹ್ಯಾದ್ರಿ ಕಡೆಯಿಂದ. ಬೆಳಿಗ್ಗೆ ನಾಲ್ಕೂವರೆಗೆ ಫೋನ್ ಮಾಡಿದೆ.

"ಅಜ್ಜಾ, ಹೊರಟೆ. ತೆರೆ ಹೆಂಗದೆ?"

"ತೆರೆ ಪಸ್ಟಾಗದೆ," ಅಂದರು. "ಆದ್ರೆ ಬರಬೇಡ."

"ಯಾಕಜ್ಜಾ?"

"ಕಲ್ಲಿನ ಸುತ್ತ ರಾತ್ರಿನೇ ಬಲೆ ಬಿಟ್ಟೇನೆ. ಎಂಟಕ್ಕೆ ಎಳೀತೆ. ಆಮೇಲೆ ಬೇಕಾದ್ರೆ ಬಾ, ಕೈ ಹಾಕೂಕೆ ಒಬ್ಬ ಜನ ಬೇಕು."