ಬೆಳಗುವುದೇನೋ ಚೆನ್ನಾಗಿದೆ, ಪಿಎಚ್ ಮಾತ್ರ ತಿಳಿಯುವುದಿಲ್ಲ

ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ, ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಅತಿಸಣ್ಣ ಇಂಗಾಲದ ಕಣಗಳಾದ ಕಾರ್ಬನ್ ಡಾಟ್‌ಗಳ ಕಿಟ್ ಒಂದನ್ನು ತರಿಸಿದೆ. ಕಂದು ಗಾಜಿನ ಬಾಟಲಿಯಲ್ಲಿ ತಿಳಿಹಳದಿ ದ್ರಾವಣ, ಜೊತೆಗೆ 365 ನ್ಯಾನೋಮೀಟರಿನ ನೇರಳಾತೀತ ಟಾರ್ಚ್. ಸಿಟ್ರಿಕ್ ಆಮ್ಲ ಮತ್ತು ಎಥಿಲೀನ್ ಡೈಅಮೀನ್‌ನಿಂದ ತಯಾರಿಸಿದ್ದು ಎಂದು ಚೀಟಿಯಲ್ಲಿದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘ಪಿಎಚ್ ಸಂವೇದಕ’, ಅಂದರೆ ದ್ರಾವಣ ಎಷ್ಟು ಆಮ್ಲೀಯ, ಎಷ್ಟು ಪ್ರತ್ಯಾಮ್ಲೀಯ ಎಂದು ತಿಳಿಸುವ ಸಾಧನ.

ಬೆಳಕಿನ ವಿಷಯದಲ್ಲಿ ದೂರಿಲ್ಲ. ಕಿಟಕಿ ಮುಚ್ಚಿ ಟಾರ್ಚ್ ಹಿಡಿದೊಡನೆ ನೀಲಿ ಉಕ್ಕಿತು, ಹಿಂದಿನ ಬೆಂಚಿನವರೂ ಎದ್ದು ಬಂದರು. 10 ನ್ಯಾನೋಮೀಟರಿಗಿಂತ ಚಿಕ್ಕದಾದ ಈ ಇಂಗಾಲದ ಕಣಗಳು 2004ರಲ್ಲಿ ಅಮೆರಿಕದಲ್ಲಿ ಕಾರ್ಬನ್ ನ್ಯಾನೋಟ್ಯೂಬ್‌ಗಳನ್ನು ಶುದ್ಧೀಕರಿಸುವಾಗ ಆಕಸ್ಮಿಕವಾಗಿ ಸಿಕ್ಕವು. ಕ್ಯಾಡ್ಮಿಯಂನಂಥ ವಿಷಲೋಹ ಇವುಗಳಲ್ಲಿಲ್ಲ. ವಿದ್ಯಾರ್ಥಿಗಳ ಕೈಗೆ ಕೊಡುವ ನನಗೆ ಅದೇ ದೊಡ್ಡ ಸಮಾಧಾನ.

ತಕರಾರು ‘ಸಂವೇದಕ’ ಎಂಬ ಮಾತಿನ ಮೇಲೆ. ಕಣಗಳ ಮೈಮೇಲಿನ ಕಾರ್ಬಾಕ್ಸಿಲ್, ಅಮೈನೊ ಎಂಬ ಪರಮಾಣು ಗುಂಪುಗಳು ಪ್ರೋಟಾನ್ ಪಡೆದಾಗ ಅಥವಾ ಕಳೆದುಕೊಂಡಾಗ ಬೆಳಕು ಬದಲಾಗುತ್ತದೆ, ಅದು ಸರಿ. ಬೇರೆ ಬೇರೆ ಪಿಎಚ್ ಇರುವ, ಅದನ್ನು ಸ್ಥಿರವಾಗಿ ಉಳಿಸಿಕೊಳ್ಳುವ ಬಫರ್ ದ್ರಾವಣಗಳ ಪ್ರನಾಳಗಳನ್ನು ಸಾಲಾಗಿಟ್ಟು ಒಂದೊಂದಕ್ಕೂ ಸಮನಾಗಿ ಹನಿ ಹಾಕಿಸಿದೆ. ಪಿಎಚ್ 5ರಿಂದ 9ರವರೆಗೆ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಆಮ್ಲೀಯ 2ರಲ್ಲಿ ಮಂಕು, ಪ್ರತ್ಯಾಮ್ಲೀಯ 12ರಲ್ಲೂ ಮಂಕು. ಮಂಕಾದ ಪ್ರನಾಳ ಕೊಟ್ಟು ಇದು ಆಮ್ಲವೋ ಪ್ರತ್ಯಾಮ್ಲವೋ ಎಂದು ಕೇಳಿದರೆ ಯಾರು ಹೇಳಿಯಾರು? ತಟಸ್ಥ ದ್ರಾವಣಕ್ಕೆ ಕಬ್ಬಿಣದ ಲವಣವಾದ ಫೆರಿಕ್ ಕ್ಲೋರೈಡ್ ಬಿಟ್ಟಾಗಲೂ ಬೆಳಕು ಇಳಿಯಿತು. ಕಬ್ಬಿಣದ ಅಂಶವಿರುವ ಕೊಳವೆಬಾವಿ ನೀರಿಗೆ ಇದನ್ನು ನಂಬುವಂತಿಲ್ಲ.

ಟಾರ್ಚ್ ತುಸು ದೂರ ಸರಿದರೂ, ದ್ರಾವಣ ತೆಳುವಾದರೂ ಹೊಳಪು ತಗ್ಗುತ್ತದೆ. ಆದ್ದರಿಂದಲೇ ಸಂಶೋಧಕರು ಪಿಎಚ್‌ಗೆ ಅಷ್ಟಾಗಿ ಜಗ್ಗದ ಎರಡನೆಯ ಬಣ್ಣವನ್ನು ಸೇರಿಸಿ ಎರಡರ ಅನುಪಾತವನ್ನು ಅಳೆಯುತ್ತಾರೆ. ನಮ್ಮಲ್ಲಿದ್ದ, ಕಿತ್ತಳೆಯಾಗಿ ಹೊಳೆಯುವ ರೋಡಮೈನ್ ಬಿ ಎಂಬ ಬಣ್ಣವನ್ನು ಬೆರೆಸಿ ನೋಡಿದೆವು: ನೀಲಿ ಇಳಿದಲ್ಲಿ ಕಿತ್ತಳೆ ಮೇಲೆದ್ದಿತು, ಹೊಳಪಿನ ಬದಲು ಬಣ್ಣವನ್ನೇ ಹೋಲಿಸಲು ಬಂತು. ಅಂಥ ಪುಟ್ಟ ಸೀಸೆಯೊಂದನ್ನು ಕಿಟ್‌ನಲ್ಲೇ ಇಡಬೇಕಿತ್ತು.

ಅನುಮಾಪನಕ್ಕೆ (ಟೈಟ್ರೇಷನ್‌ಗೆ) ಗಾಜಿನ ಎಲೆಕ್ಟ್ರೋಡ್ ಇರುವ ಪಿಎಚ್ ಮೀಟರನ್ನೇ ಬಳಸಿ. ಎಲೆಕ್ಟ್ರೋಡ್ ಹೋಗಲಾರದ ಜೀವಕೋಶದೊಳಗೆ, ಪಿಎಚ್ 5ರ ಆಸುಪಾಸಿನ, ಕೋಶದ ಜೀರ್ಣಚೀಲವಾದ ಲೈಸೋಸೋಮ್‌ನಂಥ ಕಡೆ ಇಣುಕಬಲ್ಲವು ಎಂಬುದಕ್ಕಾಗಿಯೇ ಈ ಕಣಗಳ ಮೇಲೆ ನನಗೆ ಇಷ್ಟು ಅಕ್ಕರೆ. ಅದಕ್ಕೆ ತಕ್ಕಂತೆ ಮೇಲ್ಮೈಯನ್ನು ರೂಪಿಸಿದ ಕಣಗಳು ಬೇಕು, ಈ ಬಾಟಲಿಯಲ್ಲಿರುವವು ಸಾಲವು. ಪ್ರತಿದೀಪ್ತಿ (ಬೆಳಕು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವುದು) ಎಂದರೇನೆಂದು ತೋರಿಸಲು ಧಾರಾಳವಾಗಿ ಕೊಳ್ಳಬಹುದು. ದ್ರಾವಣದ ಸಾರತೆ, ಕೆಲಸ ಮಾಡುವ ಪಿಎಚ್ ವ್ಯಾಪ್ತಿ ಎರಡನ್ನೂ ಚೀಟಿಯಲ್ಲಿ ಅಚ್ಚುಹಾಕಿ ಎಂದು ಮಾರಾಟಗಾರರಿಗೆ ಬರೆದಿದ್ದೇನೆ. ಹಾಕಿದರೆ ಮುಂದಿನ ವರ್ಷವೂ ತರಿಸುತ್ತೇನೆ.